ನಿಸ್ತಂತು ಜಾಲಗಳಲ್ಲಿ ಗೂಢಲಿಪಿ ಕೀಲಿಯ ಸ್ಥಾಪನೆ

ರೇಡಿಯೊ ಅಲೆಗಳ ಮೂಲಕ ಮಾತನಾಡುವ ಎರಡು ಸಾಧನಗಳು ತಮ್ಮ ಸಂದೇಶಗಳನ್ನು ಗೂಢಲಿಪಿಗೆ ಇಳಿಸಲು ಒಂದು ಗುಟ್ಟಿನ ಸಂಖ್ಯೆ ಬೇಕು. ಅದು ಇಬ್ಬರಲ್ಲೂ ಒಂದೇ ಆಗಿರಬೇಕು, ಮೂರನೆಯವರಿಗೆ ಸಿಗಬಾರದು. ಅಂಥ ಸಂಖ್ಯೆಯನ್ನು ಹೊಂದಿಸಿಕೊಳ್ಳುವ ಕ್ರಮಕ್ಕೆ ಕೀಲಿ ಸ್ಥಾಪನೆ ಎಂದು ಹೆಸರು. ಮೊಬೈಲನ್ನು ಮನೆಯ ವೈ-ಫೈಗೆ ಜೋಡಿಸಿದಾಗ, ಬ್ಲೂಟೂತ್ ಇಯರ್‌ಫೋನ್ ಕಿವಿಗೆ ಹಾಕಿಕೊಂಡಾಗ, ಸಿಮ್ ಇರುವ ಫೋನು ಟವರ್ ಹಿಡಿದಾಗ ಈ ಕೆಲಸ ಬಳಕೆದಾರರ ಗಮನಕ್ಕೇ ಬಾರದೆ ನಡೆದುಹೋಗುತ್ತದೆ.

ತಂತಿಯಲ್ಲಿ ಹರಿಯುವ ಮಾಹಿತಿಯನ್ನು ಕದಿಯಬೇಕಾದರೆ ತಂತಿಯ ಹತ್ತಿರ ಹೋಗಬೇಕು. ರೇಡಿಯೊ ಹಾಗಲ್ಲ, ಗೋಡೆ ದಾಟಿ ಪಕ್ಕದ ಮನೆಗೂ ಬೀದಿಗೂ ಹರಡುತ್ತದೆ. ಕೀಲಿ ಯಾವುದಿರಲಿ ಎಂದು ಗೊತ್ತುಮಾಡಿಕೊಳ್ಳುವ ಮಾತುಕತೆಯೂ ಅದೇ ಗಾಳಿಯಲ್ಲಿ, ಎಲ್ಲರ ಕಿವಿಗೆ ಬೀಳುವಂತೆಯೇ ನಡೆಯಬೇಕು. ಇಂದಿನ ವೈ-ಫೈ ಬಳಸುವ ಎಇಎಸ್ ಗೂಢಲಿಪಿಯನ್ನೇ ಮುರಿದು ಜಾಲದೊಳಕ್ಕೆ ನುಗ್ಗಿದ ಪ್ರಸಂಗ ಇಲ್ಲ. ಕಳೆದ ಎರಡೂವರೆ ದಶಕಗಳಲ್ಲಿ ಸುದ್ದಿಯಾದ ಸೋಲುಗಳಲ್ಲಿ ಹೆಚ್ಚಿನವು ಕೀಲಿಯನ್ನು ಹುಟ್ಟಿಸುವಾಗ, ಹಂಚುವಾಗ ಇಲ್ಲವೇ ಬಳಕೆಗೆ ತರುವಾಗ ಆದವು. ಈ ಲೇಖನ ಆ ಹಂತಗಳನ್ನೇ ಹಿಂಬಾಲಿಸುತ್ತದೆ.

ಮೂಲ ವಿಧಾನಗಳು

ದಾರಿಗಳು ಎರಡೇ. ಒಂದು, ಮೊದಲೇ ಬೇರೆ ಹಾದಿಯಲ್ಲಿ ಗುಟ್ಟೊಂದನ್ನು ಹಂಚಿಕೊಂಡಿರುವುದು: ರೂಟರಿನ ಪಾಸ್‌ವರ್ಡ್, ಸಿಮ್ ಕಾರ್ಡಿನೊಳಗಿನ ಸಂಖ್ಯೆ ಈ ಬಗೆಯವು. ಇನ್ನೊಂದು, ಯಾವ ಗುಟ್ಟೂ ಇಲ್ಲದೆ ಬಹಿರಂಗ ಮಾತುಕತೆಯಿಂದಲೇ ಗುಟ್ಟನ್ನು ಹುಟ್ಟಿಸುವುದು. ಇದು ಸಾಧ್ಯವೆಂದು ಸ್ಟ್ಯಾನ್‌ಫರ್ಡ್‌ನ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ 1976ರಲ್ಲಿ ತೋರಿಸಿಕೊಟ್ಟರು. ಬ್ರಿಟನ್ನಿನ ಗುಪ್ತ ಸಂವಹನ ಸಂಸ್ಥೆ ಜಿಸಿಎಚ್‌ಕ್ಯೂನಲ್ಲಿ ಮ್ಯಾಲ್ಕಮ್ ವಿಲಿಯಮ್‌ಸನ್ ಇದನ್ನು ಅದಕ್ಕೂ ಮೊದಲೇ ಕಂಡುಕೊಂಡಿದ್ದರು. ಆದರೆ ಆ ವಿಷಯ 1997ರವರೆಗೆ ಕಡತದೊಳಗೇ ಉಳಿಯಿತು.

ಸಣ್ಣ ಅಂಕಿಗಳಲ್ಲಿ ಲೆಕ್ಕ ಹೀಗೆ. 23 ಎಂಬ ಅವಿಭಾಜ್ಯ ಸಂಖ್ಯೆಯೂ 5 ಎಂಬ ಆಧಾರ ಸಂಖ್ಯೆಯೂ ಎಲ್ಲರಿಗೂ ಗೊತ್ತು. ಒಬ್ಬರು ಗುಟ್ಟಾಗಿ 6ನ್ನು ಆರಿಸಿಕೊಂಡು, 5ರ ಆರನೆಯ ಘಾತವನ್ನು 23ರಿಂದ ಭಾಗಿಸಿ ಉಳಿದ 8ನ್ನು ಕೂಗಿ ಹೇಳುತ್ತಾರೆ. ಇನ್ನೊಬ್ಬರು ಗುಟ್ಟಾಗಿ 15ನ್ನು ಆರಿಸಿ, ಅದೇ ಕ್ರಮದಲ್ಲಿ ಬಂದ 19ನ್ನು ಕೂಗುತ್ತಾರೆ. ಮೊದಲನೆಯವರು 19ರ ಆರನೆಯ ಘಾತವನ್ನೂ ಎರಡನೆಯವರು 8ರ ಹದಿನೈದನೆಯ ಘಾತವನ್ನೂ 23ರಿಂದ ಭಾಗಿಸಿದರೆ ಇಬ್ಬರಿಗೂ ಉಳಿಯುವುದು 2. ಇದೇ ಕೀಲಿ. ಕೇಳಿಸಿಕೊಂಡವರ ಬಳಿ 23, 5, 8, 19 ಇವೆ, 2 ಇಲ್ಲ. ಸಂಖ್ಯೆಗಳು ನೂರಾರು ಅಂಕಿಗಳಷ್ಟು ಉದ್ದವಾದಾಗ ಹಿಂದಕ್ಕೆ ಲೆಕ್ಕ ಹಾಕುವುದು ಇಂದಿನ ಕಂಪ್ಯೂಟರುಗಳಿಗೆ ಅಸಾಧ್ಯ. ಈಗಿನ ಸಾಧನಗಳು ಘಾತದ ಬದಲು ದೀರ್ಘವೃತ್ತೀಯ ವಕ್ರರೇಖೆಯ ಮೇಲಿನ ಬಿಂದುಗಳನ್ನು ಬಳಸುತ್ತವೆ. ಸಂಖ್ಯೆ ಚಿಕ್ಕದಾಗುತ್ತದೆ, ಬ್ಯಾಟರಿ ಉಳಿಯುತ್ತದೆ.

ಈ ವಿಧಾನದ ಕೊರತೆ ಒಂದೇ, ಆದರೆ ದೊಡ್ಡದು. ಗುಟ್ಟು ಹುಟ್ಟುತ್ತದೆ, ಯಾರೊಡನೆ ಹುಟ್ಟಿತು ಎಂಬುದು ತಿಳಿಯುವುದಿಲ್ಲ. ನಡುವೆ ನಿಂತವನೊಬ್ಬ ಎರಡೂ ಕಡೆಯವರೊಡನೆ ಬೇರೆಬೇರೆ ಕೀಲಿ ಮಾಡಿಕೊಂಡು ಎಲ್ಲವನ್ನೂ ಓದಿ ಮುಂದಕ್ಕೆ ದಾಟಿಸಬಹುದು. ಹಾಗಾಗಿ ಪಾಸ್‌ವರ್ಡ್, ಪ್ರಮಾಣಪತ್ರ ಅಥವಾ ಮನುಷ್ಯರ ಕಣ್ಣು, ಯಾವುದಾದರೊಂದು ಗುರುತಿನ ಆಧಾರ ಇದಕ್ಕೆ ಜೊತೆಯಾಗಬೇಕು.

ವೆಪ್

ವೈ-ಫೈಗೆ ಆಧಾರವಾದ ಐಇಇಇ 802.11 ಮಾನಕ 1997ರಲ್ಲಿ ಬಂದಾಗ ಅದರಲ್ಲಿದ್ದ ಭದ್ರತಾ ವ್ಯವಸ್ಥೆ ವೆಪ್. ಇದರಲ್ಲಿ ಕೀಲಿ ಸ್ಥಾಪನೆ ಎಂಬ ಹಂತವೇ ಇರಲಿಲ್ಲವೆನ್ನಬಹುದು. ಕೈಯಿಂದ ಒತ್ತಿ ತುಂಬಿಸಿದ 40 ಬಿಟ್‌ನ, ಆಮೇಲೆ 104 ಬಿಟ್‌ನ ಕೀಲಿಯೇ ಎಲ್ಲ ಸಾಧನಗಳಿಗೂ ಎಲ್ಲ ಕಾಲಕ್ಕೂ ಕೀಲಿ. ಪ್ರತಿ ಪ್ಯಾಕೆಟ್ಟಿಗೂ ಬೇರೆಯಾಗಿ ಕಾಣಲೆಂದು ಅದರ ಮುಂದೆ 24 ಬಿಟ್‌ನ ಇನ್ನೊಂದು ಸಂಖ್ಯೆಯನ್ನು ಬಹಿರಂಗವಾಗಿ ಅಂಟಿಸಿ ಆರ್‌ಸಿ4 ಎಂಬ ಗೂಢಲಿಪಿ ಯಂತ್ರಕ್ಕೆ ಕೊಡುತ್ತಿದ್ದರು. 24 ಬಿಟ್ ಎಂದರೆ ಸುಮಾರು 1 ಕೋಟಿ 67 ಲಕ್ಷ ಬಗೆ. ಕೆಲಸ ಜೋರಾಗಿರುವ ಜಾಲದಲ್ಲಿ ಕೆಲವೇ ಗಂಟೆಗಳಲ್ಲಿ ಅದೇ ಸಂಖ್ಯೆ ಮರಳಿ ಬರುತ್ತದೆ. 2001ರಲ್ಲಿ ಸ್ಕಾಟ್ ಫ್ಲೂರರ್, ಇಟ್ಸಿಕ್ ಮಂಟಿನ್, ಆದಿ ಶಮೀರ್ ಇನ್ನೂ ಆಳದ ದೋಷವನ್ನು ತೋರಿಸಿದರು: ಹೀಗೆ ಅಂಟಿಸಿದ ಕೆಲವು ಸಂಖ್ಯೆಗಳು ಮೂಲ ಕೀಲಿಯ ತುಣುಕುಗಳನ್ನೇ ಹೊರಗೆಡಹುತ್ತವೆ. 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಸಂಶೋಧಕರು 104 ಬಿಟ್‌ನ ಕೀಲಿಯನ್ನು ಒಂದು ನಿಮಿಷದೊಳಗೆ ತೆಗೆದು ತೋರಿಸಿದರು. ಅದೇ ವರ್ಷ ಅಮೆರಿಕದ ಟಿಜೆಎಕ್ಸ್ ಮಳಿಗೆ ಸಮೂಹದಿಂದ ನಾಲ್ಕೂವರೆ ಕೋಟಿಗೂ ಹೆಚ್ಚು ಕಾರ್ಡುಗಳ ವಿವರ ಕಳುವಾದದ್ದು ಬೆಳಕಿಗೆ ಬಂತು. ಕಳ್ಳರು ಮೊದಲು ಒಳನುಸುಳಿದ್ದು ಮಳಿಗೆಯೊಂದರ ವೆಪ್ ಜಾಲದ ಮೂಲಕವೆಂದು ವರದಿಯಾಯಿತು.

ನಾಲ್ಕು ಸಂದೇಶಗಳ ಹ್ಯಾಂಡ್‌ಶೇಕ್

ವೆಪ್ ಬಿದ್ದ ಮೇಲೆ ವೈ-ಫೈ ಒಕ್ಕೂಟ 2003ರಲ್ಲಿ ಡಬ್ಲ್ಯುಪಿಎ ಎಂಬ ತಾತ್ಕಾಲಿಕ ತೇಪೆಯನ್ನೂ, ಐಇಇಇ 2004ರ ಜೂನ್‌ನಲ್ಲಿ 802.11ಐ ಎಂಬ ಪೂರ್ಣ ಪರಿಹಾರವನ್ನೂ ತಂದವು. ಎರಡನೆಯದೇ ಡಬ್ಲ್ಯುಪಿಎ2 ಎಂಬ ಹೆಸರಿನಲ್ಲಿ ಮನೆಮನೆಗೂ ಬಂತು. ಅದರ ಮುಖ್ಯ ಕೊಡುಗೆ ಎಇಎಸ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದಕ್ಕಿಂತ ಹೆಚ್ಚಿನದು ಕೀಲಿಗಳನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿದ ಕ್ರಮ. ಬುಡದಲ್ಲಿರುವ ಗುಟ್ಟು ಯಾವತ್ತೂ ನೇರ ಬಳಕೆಗೆ ಬರುವುದಿಲ್ಲ. ಅದರಿಂದ ಪ್ರತಿ ಸಂಪರ್ಕಕ್ಕೂ ಹೊಸ ಕೀಲಿ ಹುಟ್ಟುತ್ತದೆ.

ಮನೆಯ ಜಾಲದಲ್ಲಿ ಬುಡದ ಗುಟ್ಟು ಪಾಸ್‌ವರ್ಡ್. ಅದು 8ರಿಂದ 63 ಅಕ್ಷರಗಳದ್ದಾಗಿರಬೇಕು. ಪಾಸ್‌ವರ್ಡನ್ನೂ ಜಾಲದ ಹೆಸರನ್ನೂ ಕೂಡಿಸಿ 4096 ಸುತ್ತು ಅರೆದು 256 ಬಿಟ್‌ನ ಒಡೆಯ ಕೀಲಿಯನ್ನು ತೆಗೆಯುತ್ತಾರೆ. ಜಾಲದ ಹೆಸರು ಲೆಕ್ಕದೊಳಗೆ ಬರುವುದರಿಂದ ಒಂದೇ ಪಾಸ್‌ವರ್ಡ್ ಇಟ್ಟ ಎರಡು ಮನೆಗಳಿಗೂ ಒಡೆಯ ಕೀಲಿ ಬೇರೆಯಾಗುತ್ತದೆ. ರೂಟರಿನ ಕಂಪನಿ ಇಟ್ಟ ಹೆಸರನ್ನೇ ಬದಲಿಸದೆ ಬಿಟ್ಟವರಿಗೆ ಈ ಲಾಭ ಅಷ್ಟಾಗಿ ಸಿಗದು.

ಇಲ್ಲಿಂದ ಹ್ಯಾಂಡ್‌ಶೇಕ್ ಆರಂಭ. ಮೊದಲ ಸಂದೇಶದಲ್ಲಿ ರೂಟರ್ ಒಮ್ಮೆ ಮಾತ್ರ ಬಳಸುವ ಯಾದೃಚ್ಛಿಕ ಸಂಖ್ಯೆಯನ್ನು, ಅಂದರೆ ನಾನ್ಸನ್ನು, ಕಳಿಸುತ್ತದೆ. ಫೋನು ತನ್ನದೊಂದು ನಾನ್ಸ್ ಆರಿಸಿಕೊಳ್ಳುತ್ತದೆ. ಈಗ ಒಡೆಯ ಕೀಲಿ, ಎರಡು ನಾನ್ಸ್‌ಗಳು, ಎರಡೂ ಸಾಧನಗಳ ವಿಳಾಸಗಳು, ಇವಿಷ್ಟನ್ನು ಕಲೆಸಿ ಫೋನು ಜೋಡಿ ಕೀಲಿಯನ್ನು ಲೆಕ್ಕ ಹಾಕುತ್ತದೆ. ಎರಡನೆಯ ಸಂದೇಶದಲ್ಲಿ ತನ್ನ ನಾನ್ಸನ್ನು, ಹೊಸ ಕೀಲಿಯಿಂದ ಹಾಕಿದ ಮುದ್ರೆಯೊಡನೆ ಕಳಿಸುತ್ತದೆ. ರೂಟರ್ ಅದೇ ಲೆಕ್ಕ ಮಾಡಿ ಮುದ್ರೆಯನ್ನು ತಾಳೆ ನೋಡುತ್ತದೆ. ಪಾಸ್‌ವರ್ಡ್ ತಪ್ಪಾಗಿದ್ದರೆ ಇಲ್ಲಿಯೇ ಗೊತ್ತಾಗುತ್ತದೆ. ಮೂರನೆಯ ಸಂದೇಶದಲ್ಲಿ ರೂಟರ್ ತನ್ನ ಮುದ್ರೆಯನ್ನೂ, ಗೂಢಲಿಪಿಗೆ ಇಳಿಸಿದ, ಜಾಲದ ಎಲ್ಲರಿಗೂ ಸಾಮಾನ್ಯವಾದ ಗುಂಪು ಕೀಲಿಯನ್ನೂ ಕಳಿಸುತ್ತದೆ. ನಾಲ್ಕನೆಯದು ಫೋನಿನ ಒಪ್ಪಿಗೆ. ಒಡೆಯ ಕೀಲಿಯಾಗಲಿ ಜೋಡಿ ಕೀಲಿಯಾಗಲಿ ಗಾಳಿಗೆ ಇಳಿಯುವುದೇ ಇಲ್ಲ.

ಹೀಗೆ ಬಂದ 384 ಬಿಟ್‌ಗಳನ್ನು ಮೂರು ಸಮಭಾಗ ಮಾಡಲಾಗುತ್ತದೆ. ಮೊದಲ 128 ಬಿಟ್ ಹ್ಯಾಂಡ್‌ಶೇಕಿನ ಮುದ್ರೆಗೆ, ಮುಂದಿನ 128 ಗುಂಪು ಕೀಲಿಯನ್ನು ಮುಚ್ಚಿ ಕಳಿಸಲಿಕ್ಕೆ, ಕೊನೆಯ 128 ದತ್ತಾಂಶಕ್ಕೆ. ಒಂದು ಕೀಲಿ ಒಂದೇ ಕೆಲಸಕ್ಕೆ ಎಂಬ ನಿಯಮವನ್ನು ವೈ-ಫೈ ಇಲ್ಲಿ ಮೊದಲ ಬಾರಿಗೆ ಕಟ್ಟುನಿಟ್ಟಾಗಿ ಪಾಲಿಸಿತು.

ಆದರೂ ಎರಡು ಸಂದುಗಳು ಉಳಿದವು. ಪಾಸ್‌ವರ್ಡ್ ತಿಳಿದವರೊಬ್ಬರು ಇನ್ನೊಬ್ಬರ ಹ್ಯಾಂಡ್‌ಶೇಕನ್ನು ಕೇಳಿಸಿಕೊಂಡರೆ ಅವರ ಜೋಡಿ ಕೀಲಿಯನ್ನೂ ಕಟ್ಟಿಕೊಳ್ಳಬಹುದು. ಹಾಸ್ಟೆಲ್ಲು, ಲಾಡ್ಜು, ಕಾಫಿ ಅಂಗಡಿಯ ಗೋಡೆಗೆ ಅಂಟಿಸಿದ ಪಾಸ್‌ವರ್ಡ್ ಹೊರಗಿನವರನ್ನು ತಡೆಯುತ್ತದೆ, ಒಳಗಿರುವವರನ್ನು ತಡೆಯುವುದಿಲ್ಲ. ಎರಡನೆಯದು, ಹ್ಯಾಂಡ್‌ಶೇಕನ್ನು ಒಮ್ಮೆ ಹಿಡಿದಿಟ್ಟುಕೊಂಡರೆ ಮನೆಗೆ ಒಯ್ದು ಪಾಸ್‌ವರ್ಡ್ ಊಹೆಗಳನ್ನು ಬೇಕಾದಷ್ಟು ಪರೀಕ್ಷಿಸಬಹುದು. ನಮ್ಮಲ್ಲಿ ಮೊಬೈಲ್ ಸಂಖ್ಯೆಯನ್ನೇ ವೈ-ಫೈ ಪಾಸ್‌ವರ್ಡ್ ಮಾಡಿಕೊಳ್ಳುವವರು ಕಡಿಮೆಯಿಲ್ಲ. 6, 7, 8, 9ರಿಂದ ಶುರುವಾಗುವ ಹತ್ತಂಕಿಯ ಸಂಖ್ಯೆಗಳು ಒಟ್ಟು 400 ಕೋಟಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡೊಂದು ಸೆಕೆಂಡಿಗೆ 10 ಲಕ್ಷಕ್ಕೂ ಮೀರಿ ಊಹೆಗಳನ್ನು ಪರೀಕ್ಷಿಸಬಲ್ಲದು. ಅಷ್ಟನ್ನೂ ಮುಗಿಸಲು ಸುಮಾರು ಒಂದು ಗಂಟೆ ಸಾಕು. 2018ರ ಆಗಸ್ಟ್‌ನಲ್ಲಿ ಹ್ಯಾಶ್‌ಕ್ಯಾಟ್ ತಂತ್ರಾಂಶದ ಕರ್ತೃ ಯೆನ್ಸ್ ಸ್ಟ್ಯೂಬೆ, ಹಲವು ರೂಟರುಗಳು ಮೊದಲ ಸಂದೇಶದಲ್ಲಿಯೇ ಪರೀಕ್ಷೆಗೆ ಸಾಕಾಗುವಷ್ಟು ಮಾಹಿತಿ ಬಿಟ್ಟುಕೊಡುವುದನ್ನು ಕಂಡುಹಿಡಿದರು. ಅಲ್ಲಿಂದ ಮುಂದೆ ಮತ್ತೊಬ್ಬ ಬಳಕೆದಾರ ಬರುವವರೆಗೆ ಕಾಯುವ ಅಗತ್ಯವೂ ಉಳಿಯಲಿಲ್ಲ.

ಗುಂಪು ಕೀಲಿಯ ಕಥೆ ಚಿಕ್ಕದು. ಅದು ಎಲ್ಲರಲ್ಲೂ ಇರುವುದರಿಂದ ಜಾಲದೊಳಗಿನ ಯಾರಾದರೂ ರೂಟರಿನ ಸೋಗಿನಲ್ಲಿ ಎಲ್ಲರಿಗೂ ಸಂದೇಶ ಕಳಿಸಬಹುದು. ಇದನ್ನು 2010ರಲ್ಲಿ ಏರ್‌ಟೈಟ್ ಸಂಸ್ಥೆಯವರು ಪ್ರದರ್ಶಿಸಿ, ಮಾನಕದ 196ನೆಯ ಪುಟದ ಕೊನೆಯಲ್ಲಿ ಇದರ ಸೂಚನೆ ಇದೆಯೆಂಬ ಕಾರಣಕ್ಕೆ ಹೋಲ್196 ಎಂದು ಕರೆದರು.

ಉದ್ದ ಪಾಸ್‌ವರ್ಡ್ ಒತ್ತುವ ಕಷ್ಟ ತಪ್ಪಿಸಲು ಬಂದ ಡಬ್ಲ್ಯುಪಿಎಸ್ ಸೌಲಭ್ಯ ಇನ್ನೂ ದೊಡ್ಡ ಕಂಡಿ ತೆರೆಯಿತು. ರೂಟರಿನ ಮೇಲೆ ಎಂಟಂಕಿಯ ಪಿನ್ ಅಚ್ಚಾಗಿರುತ್ತದೆ. ನೋಡಿದರೆ ಹತ್ತು ಕೋಟಿ ಬಗೆ. ಆದರೆ ಮೊದಲ ನಾಲ್ಕಂಕಿ ಸರಿಯೋ ತಪ್ಪೋ ಎಂದು ರೂಟರ್ ಬೇರೆಯಾಗಿಯೇ ಹೇಳಿಬಿಡುತ್ತಿತ್ತು. ಕೊನೆಯ ಅಂಕಿ ಉಳಿದ ಏಳರಿಂದ ಲೆಕ್ಕ ಹಾಕಿ ಬರುವಂಥದ್ದು. ಹಾಗಾಗಿ 10,000 ಮತ್ತು 1,000, ಒಟ್ಟು 11,000 ಪ್ರಯತ್ನಗಳಲ್ಲಿ ಎಲ್ಲ ಸಾಧ್ಯತೆಗಳೂ ಮುಗಿಯುತ್ತವೆ. 2011ರ ಡಿಸೆಂಬರ್‌ನಲ್ಲಿ ಸ್ಟೆಫಾನ್ ಫೀಬಾಕ್ ಇದನ್ನು ಪ್ರಕಟಿಸಿದರು.

ಕ್ರ್ಯಾಕ್: ಕೀಲಿಯ ಮರುಸ್ಥಾಪನೆ

ನಾಲ್ಕು ಸಂದೇಶಗಳ ಈ ವ್ಯವಸ್ಥೆ ಸುರಕ್ಷಿತವೆಂದು 2005ರಲ್ಲಿ ಗಣಿತದ ಪುರಾವೆಯೂ ಬಂದಿತ್ತು. 2017ರ ಅಕ್ಟೋಬರ್ 16ರಂದು ಬೆಲ್ಜಿಯಂನ ಲ್ಯೂವನ್ ವಿಶ್ವವಿದ್ಯಾಲಯದ ಮ್ಯಾತಿ ವಾನ್‌ಹೂಫ್ ಮತ್ತು ಫ್ರಾಂಕ್ ಪೀಸೆನ್ಸ್ ಕ್ರ್ಯಾಕ್ ದಾಳಿಯನ್ನು ಪ್ರಕಟಿಸಿದಾಗಲೂ ಆ ಪುರಾವೆ ಸುಳ್ಳಾಗಲಿಲ್ಲ. ಕೀಲಿ ಗುಟ್ಟಾಗಿಯೇ ಉಳಿಯುತ್ತದೆಂದು ಅದು ಹೇಳಿತ್ತು, ಹಾಗೆಯೇ ಉಳಿದಿತ್ತು. ಕೀಲಿಯನ್ನು ಯಾವಾಗ, ಎಷ್ಟು ಸಲ ಬಳಕೆಗೆ ಕೂರಿಸಬೇಕೆಂಬುದು ಮಾತ್ರ ಅದರ ಲೆಕ್ಕದಲ್ಲಿರಲಿಲ್ಲ.

ನಾಲ್ಕನೆಯ ಸಂದೇಶ ತಲುಪದಿದ್ದರೆ ರೂಟರ್ ಮೂರನೆಯದನ್ನು ಮತ್ತೆ ಕಳಿಸುತ್ತದೆ. ರೇಡಿಯೊದಲ್ಲಿ ಸಂದೇಶ ಕಳೆದುಹೋಗುವುದು ಮಾಮೂಲು. ಅದು ಮತ್ತೆ ಬಂದಾಗ ಫೋನು ಅದೇ ಕೀಲಿಯನ್ನು ಮರಳಿ ಕೂರಿಸಿ ಪ್ಯಾಕೆಟ್ ಎಣಿಕೆಯನ್ನು ಮೊದಲಿನಿಂದ ಶುರುಮಾಡುತ್ತಿತ್ತು. ಕೀಲಿಯೂ ಎಣಿಕೆಯೂ ಒಂದೇ ಆದಾಗ ಗೂಢಲಿಪಿಯ ಮುಸುಕೂ ಒಂದೇ ಆಗುತ್ತದೆ. ಒಂದೇ ಮುಸುಕು ತೊಟ್ಟ ಎರಡು ಸಂದೇಶಗಳನ್ನು ಹೋಲಿಸಿದರೆ ಒಳಗಿನದು ಹೊರಬೀಳುತ್ತದೆ. ನಡುವೆ ನಿಂತವನು ನಾಲ್ಕನೆಯ ಸಂದೇಶವನ್ನು ತಡೆದರೆ ಸಾಕಾಗಿತ್ತು. ಆಂಡ್ರಾಯ್ಡ್ 6ರಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಬಳಸಿದ ಕೀಲಿಯನ್ನು ಅದು ನೆನಪಿನಿಂದ ಅಳಿಸಿಹಾಕಿರುತ್ತಿದ್ದುದರಿಂದ ಎರಡನೆಯ ಸಲ ಬರೀ ಸೊನ್ನೆಗಳ ಕೀಲಿ ಕೂರುತ್ತಿತ್ತು. ಮೂರನೆಯ ಸಂದೇಶ ಮರಳಿ ಬಂದರೆ ಒಪ್ಪಿಕೊಳ್ಳಬೇಕೆಂಬ ಮಾನಕದ ಮಾತನ್ನು ಕೇಳದ ವಿಂಡೋಸ್ ಮತ್ತು ಐಫೋನುಗಳು ಈ ನೇರ ಪೆಟ್ಟಿನಿಂದ ಪಾರಾದವು. ನಿಯಮ ಮುರಿದವರೇ ಬಚಾವಾದ ಅಪರೂಪದ ಪ್ರಸಂಗವಿದು.

ಡಬ್ಲ್ಯುಪಿಎ3

2018ರಲ್ಲಿ ಬಂದ ಡಬ್ಲ್ಯುಪಿಎ3, ಪಾಸ್‌ವರ್ಡಿನಿಂದ ಒಡೆಯ ಕೀಲಿ ಹುಟ್ಟುವ ಹಂತವನ್ನೇ ಬದಲಿಸಿತು. ಇದರ ಹೊಸ ವಿಧಾನ ಎಸ್‌ಎಇ. ಡ್ಯಾನ್ ಹಾರ್ಕಿನ್ಸ್ 2008ರಲ್ಲಿ ಮಂಡಿಸಿದ ಡ್ರ್ಯಾಗನ್‌ಫ್ಲೈ ವಿಧಾನದ ರೂಪವಿದು. ಪಾಸ್‌ವರ್ಡನ್ನು ವಕ್ರರೇಖೆಯ ಮೇಲಿನ ಒಂದು ಬಿಂದುವಾಗಿ ಮಾರ್ಪಡಿಸಿ, ಆ ಗುಪ್ತ ಬಿಂದುವನ್ನೇ ಆಧಾರವಾಗಿಟ್ಟು ಡಿಫಿ-ಹೆಲ್‌ಮನ್ ವಿನಿಮಯ ನಡೆಸಲಾಗುತ್ತದೆ. ಮೇಲಿನ ಉದಾಹರಣೆಯ 5 ಎಂಬ ಆಧಾರ ಸಂಖ್ಯೆಯೇ ಗುಟ್ಟಾಗಿದ್ದರೆ ಹೇಗೋ ಹಾಗೆ. ಎರಡೂ ಕಡೆಯವರು ತಲಾ ಒಂದು ಬದ್ಧತೆಯ ಸಂದೇಶ, ಆಮೇಲೆ ತಲಾ ಒಂದು ದೃಢೀಕರಣದ ಸಂದೇಶ ಕಳಿಸುತ್ತಾರೆ. ಕೇಳಿಸಿಕೊಂಡು ಮನೆಗೆ ಒಯ್ದವನಿಗೆ ಊಹೆಯನ್ನು ಪರೀಕ್ಷಿಸಲು ಏನೂ ಸಿಗದು. ಪ್ರತಿ ಊಹೆಗೂ ರೂಟರಿನೊಡನೆ ಒಮ್ಮೆ ನೇರವಾಗಿ ಮಾತಾಡಬೇಕು. ನಾಳೆ ಪಾಸ್‌ವರ್ಡ್ ಬಯಲಾದರೂ ಇಂದಿನ ಸಂಭಾಷಣೆ ತೆರೆಯುವುದಿಲ್ಲ, ಏಕೆಂದರೆ ಆ ಹೊತ್ತಿನ ಯಾದೃಚ್ಛಿಕ ಸಂಖ್ಯೆಗಳು ಅಳಿದುಹೋಗಿರುತ್ತವೆ. ಇಲ್ಲಿ ಹುಟ್ಟಿದ ಒಡೆಯ ಕೀಲಿಯನ್ನು ಮತ್ತೆ ಅದೇ ನಾಲ್ಕು ಸಂದೇಶಗಳ ಹ್ಯಾಂಡ್‌ಶೇಕಿಗೆ ಒಪ್ಪಿಸಲಾಗುತ್ತದೆ.

ಇದಕ್ಕೂ ಪೆಟ್ಟು ಬಿತ್ತು. 2019ರ ಏಪ್ರಿಲ್‌ನಲ್ಲಿ ವಾನ್‌ಹೂಫ್ ಮತ್ತು ಇಸ್ರೇಲಿನ ಎಯಾಲ್ ರೋನೆನ್ ಡ್ರ್ಯಾಗನ್‌ಬ್ಲಡ್ ಎಂಬ ದೋಷಗಳ ಸರಣಿಯನ್ನು ಪ್ರಕಟಿಸಿದರು. ಪಾಸ್‌ವರ್ಡನ್ನು ಬಿಂದುವಾಗಿಸಲು ಹಿಡಿಯುವ ಹೊತ್ತು ಪಾಸ್‌ವರ್ಡಿಗೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತಿತ್ತು. ಆ ಹೊತ್ತನ್ನು ಅಳೆದೇ ಊಹೆಗಳನ್ನು ಜರಡಿ ಹಿಡಿಯಬಹುದಿತ್ತು. ಯಾವ ಪಾಸ್‌ವರ್ಡಿಗೂ ಒಂದೇ ಹೊತ್ತು ಹಿಡಿಯುವ ಲೆಕ್ಕ ಈಗ ಬಂದಿದ್ದು, 6 ಗಿಗಾಹರ್ಟ್ಸ್ ತರಂಗದ ವೈ-ಫೈಗೆ ಅದು ಕಡ್ಡಾಯ. ಹಳೆಯ ಫೋನುಗಳಿಗಾಗಿ ಡಬ್ಲ್ಯುಪಿಎ2 ಮತ್ತು 3 ಎರಡನ್ನೂ ಒಂದೇ ಪಾಸ್‌ವರ್ಡಿನಲ್ಲಿ ತೆರೆದಿಟ್ಟ ರೂಟರುಗಳ ಸಮಸ್ಯೆ ಮಾತ್ರ ಹಾಗೆಯೇ ಇದೆ. ಅದೇ ಹೆಸರಿನ ನಕಲಿ ಡಬ್ಲ್ಯುಪಿಎ2 ಜಾಲ ಎಬ್ಬಿಸಿ ಹಳೆಯ ಬಗೆಯ ಹ್ಯಾಂಡ್‌ಶೇಕ್ ಹಿಡಿಯಲು ಅಲ್ಲಿ ಈಗಲೂ ಆಸ್ಪದವಿದೆ.

ಸಂಸ್ಥೆಗಳ ಜಾಲ, ತೆರೆದ ಜಾಲ

ಸಾವಿರಾರು ಜನರಿರುವ ಕಚೇರಿ, ಕಾಲೇಜುಗಳಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಡಲಾಗದು. ಅಲ್ಲಿ 802.1ಎಕ್ಸ್ ಎಂಬ ಕ್ರಮ ಬಳಕೆಯಲ್ಲಿದೆ. ಫೋನು ಮಾತಾಡುವುದು ರೂಟರಿನ ಹಿಂದಿರುವ ದೃಢೀಕರಣ ಸರ್ವರ್ ಜೊತೆ. ರೂಟರ್ ನಡುವೆ ಕಾಗದ ದಾಟಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಗುರುತು ಖಚಿತವಾದ ಮೇಲೆ ಫೋನು ಮತ್ತು ಸರ್ವರ್ ನಡುವೆ ಹುಟ್ಟಿದ ಕೀಲಿಯನ್ನು ಸರ್ವರ್ ರೂಟರಿಗೆ ಕೊಡುತ್ತದೆ, ಅದರ ಮೊದಲ 256 ಬಿಟ್ ಒಡೆಯ ಕೀಲಿಯಾಗುತ್ತದೆ. ವಿಶ್ವವಿದ್ಯಾಲಯಗಳ ಎಡುರೋಮ್ ಜಾಲ ಇದೇ ತತ್ತ್ವವನ್ನು ದೇಶಗಳ ಗಡಿ ದಾಟಿಸಿದೆ. ಭಾರತದಲ್ಲಿ ಇದನ್ನು ನಡೆಸುವುದು ಎರ್ನೆಟ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿ ಯುರೋಪಿನ ವಿಶ್ವವಿದ್ಯಾಲಯವೊಂದರಲ್ಲಿ ಲ್ಯಾಪ್‌ಟಾಪ್ ತೆರೆದರೆ ಗುರುತಿನ ಪ್ರಶ್ನೆ ಬೆಂಗಳೂರಿನ ಸರ್ವರ್‌ವರೆಗೆ ಬಂದು ಉತ್ತರದೊಡನೆ ಹಿಂದಿರುಗುತ್ತದೆ. ಪಾಸ್‌ವರ್ಡ್ ಆತಿಥೇಯರಿಗೆ ಕಾಣುವುದಿಲ್ಲ. ಇಡೀ ಏರ್ಪಾಡು ಸರ್ವರಿನ ಪ್ರಮಾಣಪತ್ರವನ್ನು ಪರೀಕ್ಷಿಸುವುದರ ಮೇಲೆ ನಿಂತಿದೆ. ಎಚ್ಚರಿಕೆಯ ಕಿಟಕಿ ತೆರೆದಾಗ ಓದದೆ ಒಪ್ಪಿಗೆ ಒತ್ತುವ ಅಭ್ಯಾಸ ಅದನ್ನು ಕುಸಿಯುವಂತೆ ಮಾಡುತ್ತದೆ.

ರೈಲು ನಿಲ್ದಾಣ, ವಿಮಾನ ನಿಲ್ದಾಣಗಳ ಉಚಿತ ವೈ-ಫೈ ಬೇರೆಯದೇ ಜಾತಿ. ಫೋನಿಗೆ ಬಂದ ಒಟಿಪಿ ತುಂಬಿಸಿದಾಗ ಜಾಲ ಭದ್ರವಾಯಿತೆಂದು ಹಲವರು ನಂಬುತ್ತಾರೆ. ಆ ಒಟಿಪಿ ಬಳಸುತ್ತಿರುವವರು ಯಾರೆಂದು ದಾಖಲಿಸಲಿಕ್ಕೆ. ಗಾಳಿಯಲ್ಲಿನ ಸಂಪರ್ಕಕ್ಕೆ ಅದರಿಂದ ಯಾವ ಕೀಲಿಯೂ ಹುಟ್ಟುವುದಿಲ್ಲ. ಇಂಥ ತೆರೆದ ಜಾಲಗಳಿಗಾಗಿ 2017ರಲ್ಲಿ ಒಡಬ್ಲ್ಯುಇ ಎಂಬ ವಿಧಾನ ಬಂತು. ಪಾಸ್‌ವರ್ಡ್ ಕೇಳದೆಯೇ ಡಿಫಿ-ಹೆಲ್‌ಮನ್ ವಿನಿಮಯ ನಡೆಸಿ ಪ್ರತಿಯೊಬ್ಬರಿಗೂ ಬೇರೆ ಕೀಲಿ ಕೊಡುತ್ತದೆ. ಸುಮ್ಮನೆ ಕೇಳಿಸಿಕೊಳ್ಳುವವರಿಂದ ರಕ್ಷಣೆ ಸಿಗುತ್ತದೆ, ನಕಲಿ ರೂಟರಿನಿಂದ ಸಿಗದು.

ಮೊಬೈಲ್ ಜಾಲ

ಮೊಬೈಲಿನಲ್ಲಿ ಬುಡದ ಗುಟ್ಟು ಸಿಮ್ ಒಳಗಿನ 128 ಬಿಟ್‌ನ ಸಂಖ್ಯೆ. ಅದರ ಪ್ರತಿ ಕಂಪನಿಯ ದೃಢೀಕರಣ ಕೇಂದ್ರದಲ್ಲಿ ಮಾತ್ರ ಇರುತ್ತದೆ. ಎರಡನೆಯ ತಲೆಮಾರಿನ ಜಿಎಸ್‌ಎಮ್‌ನಲ್ಲಿ ಜಾಲ ಒಂದು ಯಾದೃಚ್ಛಿಕ ಸವಾಲು ಕಳಿಸುತ್ತದೆ. ಸಿಮ್ ಅದನ್ನು ತನ್ನ ಗುಟ್ಟಿನೊಡನೆ ಅರೆದು 32 ಬಿಟ್‌ನ ಉತ್ತರವನ್ನೂ 64 ಬಿಟ್‌ನ ಕೀಲಿಯನ್ನೂ ಕೊಡುತ್ತದೆ. ಇದಕ್ಕೆ ಹಲವು ಕಂಪನಿಗಳು ಬಳಸಿದ ಕಾಂಪ್128 ಸೂತ್ರವನ್ನು 1998ರಲ್ಲಿ ಮಾರ್ಕ್ ಬ್ರಿಸೆನೊ, ಇಯಾನ್ ಗೋಲ್ಡ್‌ಬರ್ಗ್, ಡೇವಿಡ್ ವ್ಯಾಗ್ನರ್ ಭೇದಿಸಿ ಸಿಮ್ ನಕಲು ಮಾಡಬಹುದೆಂದು ತೋರಿಸಿದರು. ಕೀಲಿಯ 64 ಬಿಟ್‌ಗಳಲ್ಲಿ 10 ಯಾವಾಗಲೂ ಸೊನ್ನೆಯೇ ಆಗಿರುವುದೂ ಆಗ ಹೊರಬಿತ್ತು. ಅದಕ್ಕಿಂತ ದೊಡ್ಡ ಕೊರತೆ, ಫೋನು ತನ್ನನ್ನು ಸಾಬೀತು ಮಾಡಬೇಕಿತ್ತು, ಟವರ್ ಮಾಡಬೇಕಿರಲಿಲ್ಲ. ನಕಲಿ ಟವರುಗಳ ದಂಧೆ ಬೆಳೆದದ್ದು ಇದರಿಂದಲೇ.

3ಜಿಯಲ್ಲಿ ಸವಾಲಿನ ಜೊತೆ ಜಾಲವೂ ತನ್ನ ಮುದ್ರೆಯನ್ನು, ಹಳೆಯದನ್ನು ಮತ್ತೆ ಬಳಸಲಾಗದಂತೆ ಕ್ರಮಸಂಖ್ಯೆಯೊಡನೆ, ಕಳಿಸಬೇಕಾಯಿತು. 4ಜಿ ಮತ್ತು 5ಜಿಯಲ್ಲಿ ಕೀಲಿಗಳ ಮೆಟ್ಟಿಲುಗಳು ಹೆಚ್ಚಿದವು. ಮೇಲಿನ ಕೀಲಿ ಕೇಂದ್ರದಲ್ಲಿಯೇ ಉಳಿದು, ಟವರಿಗೆ ಅದರಿಂದ ಇಳಿದ ಕೀಲಿ ಮಾತ್ರ ಸಿಗುತ್ತದೆ. ಒಂದು ಟವರ್ ಕಳ್ಳರ ಕೈಗೆ ಸಿಕ್ಕಿದರೂ ಇಡೀ ಸರಣಿ ಕೆಡುವುದಿಲ್ಲ. 5ಜಿ ಇನ್ನೊಂದು ಹೆಜ್ಜೆ ಇಟ್ಟು, ಗ್ರಾಹಕರ ಕಾಯಂ ಗುರುತನ್ನು ತವರು ಕಂಪನಿಯ ಬಹಿರಂಗ ಕೀಲಿಯಿಂದ ಮುಚ್ಚಿ ಕಳಿಸುವ ಅವಕಾಶ ಕೊಟ್ಟಿತು. ಆದರೆ ಸಿಮ್ ಒಳಗಿನ ಗುಟ್ಟನ್ನು ಕಾರ್ಖಾನೆಯಲ್ಲಿ ಯಾರೋ ತುಂಬಬೇಕು. ಸಿಮ್ ತಯಾರಕ ಜೆಮಾಲ್ಟೊದ ಕೀಲಿಗಳ ಮೇಲೆ ಬ್ರಿಟಿಷ್ ಮತ್ತು ಅಮೆರಿಕನ್ ಗುಪ್ತಚರ ಸಂಸ್ಥೆಗಳು ಕಣ್ಣಿಟ್ಟಿದ್ದವೆಂದು 2015ರ ಫೆಬ್ರವರಿಯಲ್ಲಿ ಸ್ನೋಡೆನ್ ಸೋರಿಕೆ ಮಾಡಿದ ಗುಪ್ತ ದಾಖಲೆಗಳ ಆಧಾರದ ಮೇಲೆ ವರದಿಯಾಯಿತು. ದಾಳಿ ನಡೆದಿರಬಹುದೆಂದು ಒಪ್ಪಿದ ಕಂಪನಿ, ಕೀಲಿಗಳು ಭಾರೀ ಪ್ರಮಾಣದಲ್ಲಿ ಕಳುವಾಗಿಲ್ಲವೆಂದು ಹೇಳಿತು.

ಬ್ಲೂಟೂತ್ ಮತ್ತು ಸಂವೇದಕ ಜಾಲಗಳು

ಮೊದಮೊದಲ ಬ್ಲೂಟೂತ್‌ನಲ್ಲಿ ಕೀಲಿ ನಿಂತಿದ್ದುದು ಪಿನ್ ಮೇಲೆ, ಆ ಪಿನ್ ಬಹುಪಾಲು 0000 ಅಥವಾ 1234. 2007ರ 2.1 ಆವೃತ್ತಿ ವಕ್ರರೇಖೆಯ ಡಿಫಿ-ಹೆಲ್‌ಮನ್ ತಂದಿತು. ಎರಡೂ ಪರದೆಗಳಲ್ಲಿ ಕಾಣುವ ಆರಂಕಿ ಒಂದೇ ಇದೆಯೇ ಎಂದು ನೋಡಿ ಹೌದು ಒತ್ತುವುದು ನಡುವೆ ನಿಂತವನನ್ನು ಹಿಡಿಯುವ ಉಪಾಯ. ಅವನು ತಪ್ಪಿಸಿಕೊಳ್ಳುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದು. ಪರದೆಯಿಲ್ಲದ ಇಯರ್‌ಫೋನುಗಳಿಗೆ ಈ ಉಪಾಯ ಒಗ್ಗದು, ಅವು ತಾಳೆ ನೋಡದೆಯೇ ಜೋಡಿಯಾಗುತ್ತವೆ. 2019ರಲ್ಲಿ ಬಯಲಾದ ನಾಬ್ ದಾಳಿ ಬೇರೆ ಬಗೆಯದು. ಕೀಲಿ ಎಷ್ಟು ಉದ್ದವಿರಲಿ ಎಂಬ ಚೌಕಾಸಿ ಬಹಿರಂಗವಾಗಿ ನಡೆಯುತ್ತಿತ್ತು, ನಡುವಿನವನು ಅದನ್ನು ಒಂದೇ ಬೈಟಿಗೆ ಇಳಿಸಬಹುದಿತ್ತು. ಒಂದು ಬೈಟ್ ಎಂದರೆ 256 ಊಹೆ.

ಹೊಲ, ಕಾಡು, ಕಾರ್ಖಾನೆಗಳಲ್ಲಿ ಚೆಲ್ಲಿದ ಪುಟ್ಟ ಸಂವೇದಕಗಳಿಗೆ ದೊಡ್ಡ ಲೆಕ್ಕಕ್ಕೆ ಬ್ಯಾಟರಿ ಸಾಲದು. ಎಲ್ಲವಕ್ಕೂ ಒಂದೇ ಕೀಲಿ ಕೊಟ್ಟರೆ ಒಂದು ಕದ್ದವನಿಗೆ ಎಲ್ಲ ಸಿಕ್ಕುತ್ತದೆ. ಪ್ರತಿ ಜೋಡಿಗೂ ಒಂದೊಂದು ಕೊಟ್ಟರೆ ಇಟ್ಟುಕೊಳ್ಳಲು ಜಾಗವಿಲ್ಲ. 2002ರಲ್ಲಿ ಲಾರೆಂಟ್ ಎಶೆನಾವರ್ ಮತ್ತು ವರ್ಜಿಲ್ ಗ್ಲಿಗೊರ್ ಕೊಟ್ಟ ಪರಿಹಾರ ಸಂಭವನೀಯತೆಯದು. 10,000 ಕೀಲಿಗಳ ರಾಶಿಯಿಂದ ಪ್ರತಿ ಸಂವೇದಕಕ್ಕೂ ಬರೀ 75ನ್ನು ಚೀಟಿ ಎತ್ತಿದಂತೆ ಕೊಟ್ಟರೆ, ಯಾವುದೇ ಎರಡರ ನಡುವೆ ಒಂದಾದರೂ ಕೀಲಿ ಸಾಮಾನ್ಯವಾಗಿರುವ ಸಾಧ್ಯತೆ ಅರ್ಧದ ಹತ್ತಿರ. ಸಿಗದವರು ನೆರೆಯವರ ಮೂಲಕ ಹಾದಿ ಮಾಡಿಕೊಳ್ಳುತ್ತಾರೆ. ಕೀಲಿಯನ್ನು ರೇಡಿಯೊ ಅಲೆಯಿಂದಲೇ ಹೆಕ್ಕುವ ಪ್ರಯತ್ನವೂ ನಡೆದಿದೆ. ಇಬ್ಬರ ನಡುವಿನ ಅಲೆಯ ಏರಿಳಿತ ಎರಡೂ ತುದಿಗಳಲ್ಲಿ ಒಂದೇ ಬಗೆಯಲ್ಲಿ ಕಾಣುತ್ತದೆ, ಅರ್ಧ ತರಂಗಾಂತರಕ್ಕಿಂತ ದೂರ ನಿಂತವರಿಗೆ ಬೇರೆಯಾಗಿ ಕಾಣುತ್ತದೆ, 2.4 ಗಿಗಾಹರ್ಟ್ಸ್‌ನಲ್ಲಿ ಆ ದೂರ ಸುಮಾರು ಆರು ಸೆಂಟಿಮೀಟರ್. ಅಲುಗಾಡದ ಕೋಣೆಯಲ್ಲಿ ಏರಿಳಿತವೇ ಇರುವುದಿಲ್ಲವಾದ್ದರಿಂದ ಈ ದಾರಿ ಬಹುಮಟ್ಟಿಗೆ ಪ್ರಯೋಗಶಾಲೆಯಲ್ಲೇ ಉಳಿದಿದೆ.

ಕ್ವಾಂಟಂ ಕಂಪ್ಯೂಟರಿನ ಮುಂದೆ

ದೊಡ್ಡ ಕ್ವಾಂಟಂ ಕಂಪ್ಯೂಟರು ಬಂದರೆ ಡಿಫಿ-ಹೆಲ್‌ಮನ್ ಎಲ್ಲ ರೂಪಗಳಲ್ಲೂ ಕುಸಿಯುತ್ತದೆ. ಪಾಸ್‌ವರ್ಡನ್ನು ಅರೆಯುವ ನಾಲ್ಕು ಸಂದೇಶಗಳ ಹ್ಯಾಂಡ್‌ಶೇಕ್, ಸಿಮ್‌ನ ಸವಾಲು-ಉತ್ತರ ಇವು ಗುಟ್ಟು ಸಾಕಷ್ಟು ಉದ್ದವಿದ್ದರೆ ಉಳಿಯುತ್ತವೆ. ಎಸ್‌ಎಇ, ಒಡಬ್ಲ್ಯುಇ, ಬ್ಲೂಟೂತ್ ಜೋಡಣೆ, 5ಜಿಯ ಗುರುತಿನ ಮುಸುಕು ಉಳಿಯುವುದಿಲ್ಲ. ಅಂದರೆ ಇತ್ತೀಚೆಗೆ ಸುಧಾರಿಸಿದ ಭಾಗಗಳಿಗೇ ಪೆಟ್ಟು ಹೆಚ್ಚು. ಬದಲಿಯಾಗಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2024ರ ಆಗಸ್ಟ್‌ನಲ್ಲಿ ಎಂಎಲ್-ಕೆಇಎಂ ವಿಧಾನವನ್ನು ಅಂಗೀಕರಿಸಿತು. ಅದರ ನಡುಮಟ್ಟದ ಬಹಿರಂಗ ಕೀಲಿಯ ಗಾತ್ರ 1184 ಬೈಟ್. ವಕ್ರರೇಖೆಯಲ್ಲಿ ಅದೇ ಕೆಲಸಕ್ಕೆ 32ರಿಂದ 64 ಬೈಟ್ ಸಾಕಿತ್ತು. ಸಣ್ಣ ಸಂವೇದಕಗಳಿಗೆ ಇದು ಹೊರೆ. ವೈ-ಫೈಗೆ ಗಾತ್ರಕ್ಕಿಂತ ರಚನೆಯ ತೊಡಕು ಹೆಚ್ಚಿನದು. ಎಸ್‌ಎಇಯಲ್ಲಿ ಎರಡೂ ಕಡೆಯವರು ಸಮಾನರು, ಯಾರು ಬೇಕಾದರೂ ಮೊದಲು ಮಾತಾಡಬಹುದು, ಇಬ್ಬರೂ ಒಟ್ಟಿಗೆ ಶುರುಮಾಡಿದರೂ ನಡೆಯುತ್ತದೆ. ಎಂಎಲ್-ಕೆಇಎಂನಲ್ಲಿ ಒಬ್ಬರು ಬಹಿರಂಗ ಕೀಲಿ ಕೊಟ್ಟ ಮೇಲೆಯೇ ಇನ್ನೊಬ್ಬರು ಉತ್ತರ ಕಟ್ಟಬೇಕು; ಹಾಗಾಗಿ ಹಳೆಯ ಸಂದೇಶಗಳ ಸ್ಥಾನದಲ್ಲಿ ಅದನ್ನು ಇದ್ದಂತೆಯೇ ಕೂರಿಸಲಾಗದು, ಮಾತುಕತೆಯ ಕ್ರಮವನ್ನೇ ಹೊಸದಾಗಿ ಬರೆಯಬೇಕಾಗುತ್ತದೆ.